ಸ್ಲ್ಯಾಬಿನ ಮೇಲೊಂದು ಮಾಳಿಗೆ

ಡೊಂಬಿವಲಿ ವೆಸ್ಟ್
೨ ಫೆಬ್ರುವರಿ ೧೯೮೧

ಚಿರಂಜೀವಿ ಸೋಮಣ್ಣನಿಗೆ,

ಅಕ್ಕ ಗಿರಿಜವ್ವಳ ಆಶೀರ್ವಾದ. ನಿಮ್ಮ ಮಾವ ಚೆನ್ನಾಗಿದ್ದಾರೆ, ನಾನು ಬೇಯುತ್ತಿದ್ದೇನೆ. ಬೇಲಾಪುರ ಇಲ್ಲಿಂದ ಎಷ್ಟು ದೂರವಪ್ಪಾ? ಠಾಣೆಗೆ ಲೋಕಲ್, ಅಲ್ಲಿಂದ ಒಂದು ಬಸ್ಸು. ಆದರೂ ದೀಪಾವಳಿ ಆದ ಮೇಲೆ ನಿನ್ನ ಮುಖ ಕಂಡಿಲ್ಲ. ಹೊಸ ಊರು ಕಟ್ಟುವವನಿಗೆ ಹಳೆಯ ಅಕ್ಕ ಯಾಕೆ ನೆನಪಾದಾಳು ಎಂದುಕೊಂಡು ನಾನೇ ಕಾಗದ ಬರೆಯಲು ಕೂತಿದ್ದೇನೆ.

ನಿನ್ನೆ ಠಾಕುರ್ಲಿಯಲ್ಲಿ, ಗಂಡನ ಮನೆಯಲ್ಲೇ, ನಮ್ಮ ಜಯಶೀಲಳ ಕುಬಸ ಆಯಿತು, ಬಸುರಿಗೆ ಉಡಿ ತುಂಬಿದರು. ಸೋದರಮಾವ ಎಲ್ಲಿ ಎಂದು ಎಲ್ಲರೂ ಕೇಳಿದರು. ಬೇಲಾಪುರದಲ್ಲಿ ಸ್ಲ್ಯಾಬು ಹಾಕುತ್ತಿದ್ದಾನೆ ಎಂದೆ. ನನ್ನ ತಲೆಯ ಮೇಲೆ ಒಂದು ಸ್ಲ್ಯಾಬು ಇರುವುದು ಸಾಲದೆಂದು ನೀನು ಇನ್ನೊಬ್ಬರ ತಲೆಯ ಮೇಲೂ ಹಾಕುತ್ತಿದ್ದೀ.

ಈಗ ಸಂಕಟದ ಮಾತು ಹೇಳುತ್ತೇನೆ. ಆರತಿ ಮುಗಿದು ಊಟಕ್ಕೆ ಕೂತಾಗ ನಮ್ಮ ಬೀಗತಿ ಬಸವಣ್ಣೆವ್ವ ಎಲ್ಲರೆದುರಿಗೆ ಅಂದಳು: "ಮೊದಲನೇ ಬಾಣಂತನ ತವರಿಂದ, ಖರೇರಿ. ಆದ್ರ ನಿಮ್ಮ ಮನಿ ಮ್ಯಾಲಿನ ಮಜಲಾದಾಗ ಐತಿ. ಮೇ ತಿಂಗಳದಾಗ ಕೂಸಿನ ಮೈತುಂಬ ಬೆವರಸಾಲಿ ಏಳ್ತಾವ. ನಮ್ಮ ಕ್ವಾರ್ಟರ್ಸ್ ತಂಪ ಐತಿ, ಇಲ್ಲೇ ಇರ್ಲಿ. ನೀವ ಬಂದು ಹೋಗಿ ಮಾಡ್ರಿ." ಆಕೆ ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ, ಅದಕ್ಕೇ ನನ್ನ ಮನಸ್ಸಿಗೆ ಹೆಚ್ಚು ಹತ್ತಿತು. ಅವರದು ರೈಲ್ವೆಯ ಹಳೇ ಕ್ವಾರ್ಟರ್ಸು, ಕಲ್ಲಿನ ಗೋಡೆ, ಎತ್ತರದ ಹೆಂಚಿನ ಚಾವಣಿ, ಅಂಗಳದಲ್ಲಿ ಬೇವಿನ ಮರ. ಇಲ್ಲಿ ಲೋಕಲ್ ಹತ್ತಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದರೆ ಸೆರಗು ತಾನೇ ಒಣಗುತ್ತದೆ.

ನಮ್ಮ ಜಾಗವೂ ಹಾಗೇ ಇತ್ತಲ್ಲ. ಈ ಬಿಲ್ಡಿಂಗು ಏಳುವ ಮೊದಲು ಇದೇ ಜಾಗದಲ್ಲಿ ಸಾಲು ಖೋಲಿಗಳ ನಮ್ಮ ಚಾಳು ಇತ್ತು. ಎದುರಿಗೆ ಬಾವಿ, ಆಚೆಗೆ ಭತ್ತದ ಗದ್ದೆ, ಗದ್ದೆಯಾಚೆ ಸಮುದ್ರದ ನೀರು ಒಳಬರುವ ಖಾಡಿ. ಜಯಶೀಲ ಹುಟ್ಟಿದಾಗ ನೀನು ಪೋರ, ನಮ್ಮಲ್ಲೇ ಇದ್ದೆ. ಆಗ ಅವ್ವ ತೀರಿಕೊಂಡಿದ್ದಳು, ನನಗೆ ತವರಿನ ಬಾಣಂತನ ಆಗಲಿಲ್ಲ. ಪಕ್ಕದ ಖೋಲಿಯ ಮರಾಠಿ ಆಜಿ ಎಣ್ಣೆ ಹಚ್ಚಿದಳು, ನೀರು ಹಾಕಿದಳು, ಒಂದು ದಿನವೂ ಬೇಸರ ಮಾಡಲಿಲ್ಲ. ಸಂಜೆಗೆ ಖಾಡಿ ಕಡೆಯಿಂದ ಗಾಳಿ ಬಂದರೆ ಆಕೆ ಬಾಗಿಲಿಗೆ ಗೋಣಿತಟ್ಟು ಕಟ್ಟುತ್ತಿದ್ದಳು, ಕೂಸಿಗೆ ಥಂಡಿ ಆದೀತೆಂದು. ಮೇ ತಿಂಗಳಲ್ಲಿ ಥಂಡಿಯ ಭಯ. ಈಗ ಹೇಳಿದರೆ ನಗುತ್ತಾರೆ.

ಆ ಆಜಿಯ ಕೈ ದೇವರ ಕೈ. ಆದರೂ ಅಂದು ಗೋಡೆ ಕಡೆ ಮುಖ ಮಾಡಿ ಅತ್ತಿದ್ದೇನೆ. ನನ್ನ ಮಗಳು ಹಾಗೆ ಅಳಬಾರದು. ನೀನು ಕಟ್ಟಡದ ಕೆಲಸದವನು, ಮನೆ ತಂಪು ಮಾಡುವ ದಾರಿ ಹೇಳು. ಜಯಶೀಲ ನನ್ನ ಮನೆಗೇ ಬರಬೇಕು.

ನಿನ್ನ ಅಕ್ಕ
ಗಿರಿಜವ್ವ

•

ಬೇಲಾಪುರ, ನವಿ ಮುಂಬಯಿ
೧ ಮಾರ್ಚ್ ೧೯೮೧

ಅಕ್ಕನಿಗೆ ಸೋಮಣ್ಣನ ಶರಣು.

ಬೈದದ್ದೆಲ್ಲ ಸರಿಯಾಗಿ ತಲುಪಿದೆ. ಸ್ಲ್ಯಾಬು ಹಾಕುವ ದಿನ ಸುಪರ್ವೈಸರ್ ಎದ್ದು ಹೋದರೆ ಮರುದಿನ ಕೆಲಸ ಇರುವುದಿಲ್ಲ. ಜಯಶೀಲಳಿಗೆ ಒಂದು ಸೀರೆ ತೆಗೆದಿಟ್ಟಿದ್ದೇನೆ, ಬಣ್ಣ ಅವಳಿಗೆ ಹಿಡಿಸದಿದ್ದರೆ ನೀನು ಉಡು.

ನಿನ್ನ ಕಾಗದ ಓದಿದ ಮೇಲೆ ಸೈಟಿನಲ್ಲಿ ನಿಂತಾಗೆಲ್ಲ ಅದೇ ಯೋಚನೆ. ಅಕ್ಕ, ಬಿಸಿಲೇನೂ ಹೆಚ್ಚಾಗಿಲ್ಲ. ಆಗಲೂ ಇದೇ ಸೂರ್ಯ. ಬಂದ ಕಾವು ಹೋಗುವ ದಾರಿ ಮುಚ್ಚಿದೆ, ಅಷ್ಟೇ. ಗದ್ದೆಯಲ್ಲಿ ನೀರಿತ್ತು, ಆ ನೀರು ಆರುತ್ತಾ ಕಾವನ್ನೂ ತನ್ನ ಜೊತೆ ಒಯ್ಯುತ್ತಿತ್ತು. ಮಣ್ಣಿನ ಕೊಡದಲ್ಲಿ ನೀರು ತಂಪಾಗುವುದೂ ಹೀಗೇ. ಈಗ ಗದ್ದೆಗೆ ಗರಸು ಮಣ್ಣಿನ ಮುರುಮು ತುಂಬಿ ಬಿಲ್ಡಿಂಗು ಎಬ್ಬಿಸಿದ್ದಾರೆ, ಬಾವಿ ಮುಚ್ಚಿದ್ದಾರೆ, ರಸ್ತೆಗೆ ಡಾಂಬರು. ಹಗಲೆಲ್ಲ ಸಿಮೆಂಟು ಕಾವು ಕುಡಿಯುತ್ತದೆ, ಸಂಜೆ ನಾವು ಕೂತ ಮೇಲೆ ಹೊರಗೆ ಬಿಡುತ್ತದೆ. ಖಾಡಿಯ ಗಾಳಿ ಬಂದು ಅದನ್ನು ಒಯ್ಯಬೇಕು, ಆದರೆ ನಿಮ್ಮ ಪಡುವಣಕ್ಕೆ ಈಗ ಗೋಡೆ ಬಿಟ್ಟು ಬೇರೆ ಏನಿದೆ? ಠಾಕುರ್ಲಿಯಲ್ಲಿ ಮನೆಮನೆಯ ನಡುವೆ ನೆಲ ಉಳಿದಿದೆ, ಮರ ಉಳಿದಿದೆ. ಬೀಗತಿಯ ತಂಪು ಅವರ ಪುಣ್ಯವಲ್ಲ, ಆ ಮಣ್ಣಿನದು.

ಇಷ್ಟು ಬುದ್ಧಿ ಹೇಳುವ ನಾನೇ ಇಲ್ಲಿ ಗದ್ದೆಗೆ ಮುರುಮು ಸುರಿಸುತ್ತಿದ್ದೇನೆ. ಮೊದಲು ಬಂದಾಗ ಸಂಜೆ ಶೆಡ್ಡಿನ ಹೊರಗೆ ಕೂತರೆ ಚಾದರ ಹೊದೆಯಬೇಕಿತ್ತು. ಈಗ ಚಾದರ ಟ್ರಂಕಿನಲ್ಲಿದೆ.

ಉಪಾಯ ಒಂದು ಹೊಳೆದಿದೆ. ಸಿಂದಗಿಯ ನಮ್ಮ ಮನೆ ನೆನಪು ಮಾಡಿಕೊ. ಚಾವಣಿಯೆಲ್ಲ ಮಣ್ಣಿನ ಮಾಳಿಗೆ, ಕೆಳಗೆ ಕೂತರೆ ಬ್ಯಾಸಗಿ ಹೊರಗೇ ಉಳಿಯುತ್ತಿತ್ತು. ಅಪ್ಪ ವರ್ಷ ವರ್ಷ ಹೊಸ ಮಣ್ಣು ಹಾಕಿ ತುಳಿಸುತ್ತಿದ್ದ. ಅದನ್ನೇ ನಿನ್ನ ಖೋಲಿಯ ಮೇಲಿನ ಬಯಲು ಗಚ್ಚಿಗೆ, ತಾರಸಿಗೆ, ಹಾಕಿಸೋಣ. ಮಣ್ಣು, ಹುಲ್ಲು, ಸಗಣಿ ಕೂಡಿಸಿ ಬಡಿದರೆ ಸ್ಲ್ಯಾಬಿಗೆ ಬಿಸಿಲು ತಾಗುವುದೇ ಇಲ್ಲ. ನಮ್ಮ ಗ್ಯಾಂಗಿನ ಶಂಕ್ರೆಪ್ಪ ಕಲಬುರಗಿ ಕಡೆಯವನು, ಮಾಳಿಗೆ ಹಾಕಿ ಬಲ್ಲ. ಆದರೆ ಒಂದು ಮಾತು: ಜೂನಿನ ಮಿರಗಾ ಮಳೆ ಕೂಡುವ ಮೊದಲು ಎಲ್ಲವನ್ನೂ ಕೆದರಿ ಇಳಿಸಬೇಕು. ಇದು ಸಿಂದಗಿಯಲ್ಲ.

ನಿನ್ನ ತಮ್ಮ
ಸೋಮಣ್ಣ

•

ಡೊಂಬಿವಲಿ ವೆಸ್ಟ್
೧೯ ಏಪ್ರಿಲ್ ೧೯೮೧

ಚಿ. ಸೋಮಣ್ಣನಿಗೆ ಆಶೀರ್ವಾದ.

ಶಂಕ್ರೆಪ್ಪ ಬಂದು ಮಾಳಿಗೆ ಹಾಕಿ ಹೋದ. ಕಲ್ಯಾಣದ ಎಮ್ಮೆ ತಬೇಲಾದಿಂದ ಸಗಣಿ, ಹುಲ್ಲು ತಂದಿದ್ದ. ಮಣ್ಣು ತುಳಿಯುವಾಗ ನಾನೂ ಸೀರೆ ಎತ್ತಿ ಕಟ್ಟಿ ಒಳಗಿಳಿದೆ. ನಿಮ್ಮ ಮಾವ ತಲೆ ತಗ್ಗಿಸಿಕೊಂಡು ಪೇಪರು ಓದಿದರು. ಬಿಲ್ಡಿಂಗಿನ ಹೆಂಗಸರೆಲ್ಲ ಮೆಟ್ಟಿಲ ಮೇಲೆ ನಿಂತು ನೋಡಿದರು, ಒಬ್ಬಳು ಗಚ್ಚಿಯ ಮೇಲೆ ಜೋಳ ಬಿತ್ತುತ್ತೀರಾ ಎಂದು ಕೇಳಿದಳು.

ನಮ್ಮ ಪಕ್ಕದ ಮನೆಯ ಮುರಾರಿ, ಸೊಸೈಟಿಯ ಸೆಕ್ರೆಟರಿ, ಅವನು ಮಾತ್ರ ಗದ್ದಲ ಮಾಡಿದ. ಅವನು ಕುಂದಾಪುರದ ಕಡೆಯವನು, ಮಳೆಯೆಂದರೆ ಅವನಿಗೆ ಜೀವಭಯ. "ಅಕ್ಕ, ನೀವು ಮಳೆ ಕಂಡವರಲ್ಲ ಮಾರಾಯ್ರೆ. ಸ್ಲ್ಯಾಬಿನ ಮೇಲೆ ಮಣ್ಣು ಹಾಕಿದ್ರೆ ಜೂನಲ್ಲಿ ನಮ್ಮೆಲ್ಲರ ಗತಿ ಏನು?" ಎಂದ. ಮಿರಗಾದೊಳಗೆ ತೆಗೆಸುತ್ತೇನೆಂದು ಮಾತು ಕೊಟ್ಟ ಮೇಲೆ ಕೆಳಗಿಳಿದ.

ಮರುದಿನ ಮಧ್ಯಾಹ್ನ ಒಳಗೆ ಬಂದು ನಿಂತೆ. ಸೋಮಣ್ಣಾ, ಏನು ಹೇಳಲಿ. ಮೇಲಿನಿಂದ ಸುರಿಯುತ್ತಿದ್ದ ಕಾವೇ ಇಲ್ಲ. ಗೋಡೆ ಬಿಸಿ ಇತ್ತು, ಕಿಟಕಿಯಿಂದ ಬಿಸಿ ಗಾಳಿ ಬರುತ್ತಿತ್ತು, ಆದರೆ ತಲೆಗೆ ಒಂದು ಆಸರೆ ಸಿಕ್ಕಂತಾಯಿತು. ಹಸಿ ಮಣ್ಣಿನ ವಾಸನೆಗೆ ಅವ್ವ ಅಡುಗೆಮನೆಯಲ್ಲಿ ಓಡಾಡುತ್ತಿದ್ದಾಳೆ ಅನ್ನಿಸಿ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಬಸವಣ್ಣೆವ್ವನನ್ನು ಕರೆಸಿ ಅಲ್ಲೇ ಚಾಪೆ ಹಾಸಿ ಕೂರಿಸಿದೆ. ಆಕೆ ಮೇಲೆ ನೋಡಿದಳು, ಗೋಡೆ ಮುಟ್ಟಿದಳು, ಚಹಾ ಕುಡಿದಳು. ಹೋಗುವಾಗ "ಆತ್ರಿ, ನಿಮ್ಮ ಮಗಳ, ನಿಮ್ಮ ಮನಿ" ಅಂದಳು. ನಿನ್ನೆ ಜಯಶೀಲ ಬಂದಿದ್ದಾಳೆ. ಮಲಗಲು ಹಗ್ಗದ ಹೊರಸು ಹೆಣೆಸಿದ್ದೇನೆ, ಬಾಣಂತಿಯ ಪಾಯಸಕ್ಕೆ ಅಳವಿ ಬೀಜ ತಂದಿಟ್ಟಿದ್ದೇನೆ. ನನ್ನ ಜನ್ಮದಲ್ಲಿ ಇಷ್ಟು ಸಂತೋಷದ ಬ್ಯಾಸಗಿ ಕಂಡಿಲ್ಲ.

ಗಿರಿಜವ್ವ

•

ಬೇಲಾಪುರ
೨೬ ಮೇ ೧೯೮೧

ಅಕ್ಕನಿಗೆ ಶರಣು.

ಮಾವ ಹಾಕಿದ ಕಾರ್ಡು ಸಿಕ್ಕಿತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಸುಖ ಎಂದು ಓದಿ ಗ್ಯಾಂಗಿಗೆಲ್ಲ ಜಿಲೇಬಿ ತರಿಸಿದೆ. ನಮ್ಮ ಅಕ್ಕ ಅಜ್ಜಿಯಾದಳು ಎಂದರೆ ಇವರು ನಂಬುವುದಿಲ್ಲ, ಅಂದು ಮಣ್ಣು ತುಳಿದ ವೈಖರಿ ಶಂಕ್ರೆಪ್ಪ ಎಲ್ಲರಿಗೂ ಹೇಳಿದ್ದಾನೆ.

ಇಲ್ಲಿ ಪಾರಸಿಕ ಗುಡ್ಡದ ಮೇಲೆ ಮೋಡ ಕಾಣಿಸತೊಡಗಿದೆ. ಜೂನ್ ಮೊದಲ ವಾರದಲ್ಲಿ ಶಂಕ್ರೆಪ್ಪನನ್ನೂ ಇನ್ನೊಬ್ಬನನ್ನೂ ಕಳಿಸುತ್ತೇನೆ, ಮಣ್ಣು ಇಳಿಸಿಕೊಡುತ್ತಾರೆ. ತಡ ಮಾಡಬೇಡ. ಕೂಸಿನ ಹಣೆಗೆ ನನ್ನ ಪರವಾಗಿ ಒಂದು ಕಪ್ಪು ಬೊಟ್ಟು ಇಡು.

ಸೋಮಣ್ಣ

•

ಡೊಂಬಿವಲಿ ವೆಸ್ಟ್
೪ ಜೂನ್ ೧೯೮೧

ಚಿ. ಸೋಮಣ್ಣನಿಗೆ,

ಶಂಕ್ರೆಪ್ಪನನ್ನು ವಾಪಸು ಕಳಿಸಿದೆ. ಸಿಟ್ಟಾಗಬೇಡ, ಪೂರ್ತಿ ಕೇಳು.

ಬಾಣಂತಿಯನ್ನು ಬೆಚ್ಚಗಿಡದೆ ಬಾಣಂತನ ಹೇಗಾದೀತು? ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಡಬೇಕು, ಲೋಬಾನ ಹಾಕಬೇಕು, ತಲೆಗೆ ಬಟ್ಟೆ ಕಟ್ಟಬೇಕು. ಈ ಊರಿನ ಸ್ಲ್ಯಾಬಿನ ಮನೆಗಳಲ್ಲಿ ಬಾಣಂತಿಗೆ ಬೆಂಕಿ ತೋರಿಸುವುದನ್ನೇ ಬಿಟ್ಟಿದ್ದಾರೆ. ಮೇಲಿನ ಕಾವಿನಲ್ಲಿ ಕೆಳಗೂ ಬೆಂಕಿ ಇಟ್ಟರೆ ಹುಡುಗಿ ಕಣ್ಣು ಕತ್ತಲೆ ಬಂದು ಬೀಳುತ್ತಾಳೆ. ಮಾಳಿಗೆ ಇರುವುದರಿಂದ ನಾನು ಎಲ್ಲವನ್ನೂ ಕ್ರಮವಾಗಿ ಮಾಡುತ್ತಿದ್ದೇನೆ. ಮಣ್ಣು ತೆಗೆದ ದಿನ ನನ್ನ ಅಗ್ಗಿಷ್ಟಿಗೆ ಆರಿಸಬೇಕು, ಅರ್ಧಕ್ಕೆ ಬಾಣಂತನ ನಿಲ್ಲಿಸಬೇಕು. ಆಮೇಲೆ ಮಗಳಿಗೆ ಸೊಂಟ ಹಿಡಿದರೆ ಬೀಗತಿ ಯಾರನ್ನು ಅಂದಾಳು?

ಮಳೆ ಬರಲಿ. ಅಪ್ಪನ ಮಾಳಿಗೆ ಎಷ್ಟು ಮಳೆ ಕಂಡಿಲ್ಲ? ಸೋರಿದರೆ ಅಪ್ಪ ಮೇಲೆ ಹತ್ತಿ ಒಂದು ಬುಟ್ಟಿ ಮಣ್ಣು ಒತ್ತಿ ಬರುತ್ತಿದ್ದ, ಮುಗಿಯಿತು. ಮುರಾರಿ ದಿನಾ ಮೋಡ ನೋಡಿ ನನ್ನ ಮುಖ ನೋಡುತ್ತಾನೆ. ಅವನಿಗೆ ಜುಲೈಗೆ ತೆಗೆಸುತ್ತೇನೆ ಅಂದಿದ್ದೇನೆ.

ಅಕ್ಕ

•

ಬೇಲಾಪುರ
೨೮ ಜೂನ್ ೧೯೮೧

ಅಕ್ಕನಿಗೆ,

ಇಷ್ಟು ಮಳೆಯಲ್ಲಿ ನಿಮ್ಮ ಸುದ್ದಿ ಇಲ್ಲವೆಂದು ನಿನ್ನೆ ಡೊಂಬಿವಲಿಗೆ ಬಂದಿದ್ದೆ. ಖೋಲಿಗೆ ಬೀಗ. ಮುರಾರಿ ಬಾಗಿಲು ತೆರೆದು ನನ್ನನ್ನು ನೋಡಿ, "ನಿಮ್ಮ ಅಕ್ಕ ಠಾಕುರ್ಲಿಗೆ ಹೋದ್ರು" ಎಂದಷ್ಟೇ ಹೇಳಿದ. ಅವನ ಮನೆಯ ಗೋಡೆಯ ಮೇಲೆ ನೀರಿಳಿದ ಗುರುತು ಕಂಡೆ, ಮತ್ತೆ ಕೇಳುವ ಧೈರ್ಯ ಆಗಲಿಲ್ಲ. ಗಚ್ಚಿಗೆ ಹತ್ತಿ ನೋಡಿದೆ. ಮಣ್ಣು ಅಂಬಲಿಯಾಗಿ ಹರಿದು ಪೈಪಿನ ಬಾಯಿ ಮುಚ್ಚಿತ್ತು. ಯಾರೋ ಅರ್ಧ ಕೆದರಿದ್ದರು, ಉಳಿದದ್ದನ್ನು ನಾನು ಕೆದರಿದೆ.

ಠಾಕುರ್ಲಿಗೆ ಬರಲು ಹೊರಟವನು ಪ್ಲಾಟ್‌ಫಾರ್ಮಿನಿಂದ ತಿರುಗಿದೆ. ನೀನು ಬೀಗರ ಮನೆಯಲ್ಲಿ ಇರುವಾಗ ನನ್ನ ಮುಖ ನೋಡಲು ಇಷ್ಟಪಡುವುದಿಲ್ಲ ಅನ್ನಿಸಿತು. ಕೂಸು ಹೇಗಿದೆ ಎಂದಾದರೂ ಬರಿ.

ಸೋಮಣ್ಣ

•

ರೈಲ್ವೆ ಕ್ವಾರ್ಟರ್ಸ್, ಠಾಕುರ್ಲಿ
೯ ಆಗಸ್ಟ್ ೧೯೮೧

ಚಿ. ಸೋಮಣ್ಣನಿಗೆ ಆಶೀರ್ವಾದ.

ನಿನ್ನ ಕಾಗದ ದಿಂಬಿನ ಕೆಳಗೆ ಇಟ್ಟುಕೊಂಡೇ ಇಷ್ಟು ದಿನ ಸುಮ್ಮನಿದ್ದೆ. ನೀನು ಹೇಳಿದ್ದು ಸರಿಯಾಯಿತಲ್ಲ, ಅದಕ್ಕೆ ಸಿಟ್ಟು. ತಪ್ಪಿದವರ ಮೇಲೆ ಬರುವ ಸಿಟ್ಟಿಗಿಂತ ಇದು ಜೋರು.

ಮಳೆ ಒಮ್ಮೆ ಹಿಡಿದದ್ದು ಬಿಡಲಿಲ್ಲ. ಸಿಂದಗಿಯ ಮಳೆ ಬಂದು ಹೋಗುವ ನೆಂಟ, ಇದು ಬಂದು ಕೂರುವ ನೆಂಟ. ಮೊದಲು ಮೂಲೆಯಲ್ಲಿ ತೊಟ್ಟಿಕ್ಕಿತು, ಪಾತ್ರೆ ಇಟ್ಟೆ. ಆಮೇಲೆ ಮನೆಯ ಪಾತ್ರೆಗಳೆಲ್ಲ ನೆಲದ ಮೇಲೆ ಬಂದವು. ಅಗ್ಗಿಷ್ಟಿಗೆಯ ಕೆಂಡದ ಮೇಲೆ ನೀರು ಬಿದ್ದು ಖೋಲಿ ತುಂಬ ಹೊಗೆ, ಕೂಸು ಕೆಮ್ಮಿ ಕೆಂಪಾಯಿತು. ಅದನ್ನು ಎತ್ತಿಕೊಂಡು ಜಯಶೀಲ ಬಾಗಿಲಿಗೆ ಓಡಿದಳು. ಹಿಂದೆಯೇ ಸ್ಲ್ಯಾಬಿನ ಸಿಮೆಂಟು ಗಿಲಾವು ಹೆಕ್ಕಳಿಕೆಯಾಗಿ ಕಳಚಿ ಹೊರಸಿನ ಮೇಲೆ ಬಿತ್ತು. ನಾನು ಆ ಹೊರಸು ನೋಡುತ್ತಾ ನಿಂತೆ. ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಮುರಾರಿ ಬೈಯಲಿಲ್ಲ. ತನ್ನ ಮನೆಯೂ ಸೋರುತ್ತಿದ್ದಾಗ ಸಲಿಕೆ ಹಿಡಿದು ಗಚ್ಚಿ ಹತ್ತಿದ. ನಾನೇ ಬಟ್ಟೆ ಗಂಟು ಕಟ್ಟಿ, ಬಾಣಂತಿಯನ್ನು ರಿಕ್ಷಾದಲ್ಲಿ ಕೂರಿಸಿ ಇಲ್ಲಿಗೆ ಕರೆತಂದೆ. ಬಾಣಂತನದ ನಡುವೆಯೇ ಮಗಳನ್ನು ಗಂಡನ ಮನೆಗೆ ಸಾಗಿಸಿದ ತಾಯಿ ನಮ್ಮ ಕುಲದಲ್ಲಿ ನಾನೊಬ್ಬಳೇ ಇರಬೇಕು. ಬಾಗಿಲಲ್ಲಿ ಬಸವಣ್ಣೆವ್ವನ ಕೈಗೆ ಕೂಸನ್ನು ಕೊಟ್ಟು ಹಿಂತಿರುಗಿದೆ. ಆಕೆ ನನ್ನ ಸೆರಗು ಹಿಡಿದಳು. "ಎಲ್ಲಿಗೆ ಹೊಂಟ್ರಿ? ಎಣ್ಣಿ ಯಾರು ಹಚ್ಚಬೇಕು? ನನ್ನ ಕೈಗೆ ಬಲ ಇಲ್ಲ. ಅಡಗಿಮನಿ ನಂದು, ಬಾಣಂತಿ ನಿಮ್ಮಾಕಿ."

ಹೀಗೆ ಬೀಗರ ಮನೆಯಲ್ಲಿ ಮಗಳ ಬಾಣಂತನ ಮಾಡುತ್ತಿದ್ದೇನೆ. ನಾಳೆ ನಾಡಿದ್ದರಲ್ಲಿ ಮುಗಿಯುತ್ತದೆ. ಯಾರೂ ಒಂದು ಮಾತು ಅಂದಿಲ್ಲ, ಆದರೂ ಊಟಕ್ಕೆ ಎಲ್ಲರಿಗಿಂತ ಕೊನೆಗೆ ಕೂರುತ್ತೇನೆ. ಬೇವಿನ ಮರದ ಕೆಳಗೆ ಕೂಸನ್ನು ಮಲಗಿಸಿಕೊಂಡು ಕೂತರೆ ನಮ್ಮ ಚಾಳಿನ ಅಂಗಳದಲ್ಲಿ ಇದ್ದಂತೆಯೇ ಇರುತ್ತದೆ. ಅದೇ ಗಾಳಿ ಸೋಮಣ್ಣಾ. ನಮ್ಮ ಮನೆಗೆ ಬರುವುದನ್ನು ಬಿಟ್ಟು ಅದು ಇಲ್ಲಿಗೆ ಬರತೊಡಗಿದೆಯೇನೋ.

ನೀನು ಪ್ಲಾಟ್‌ಫಾರ್ಮಿನಿಂದ ತಿರುಗಿ ಹೋಗಬಾರದಿತ್ತು. ಬೈದು ಚಹಾ ಕೊಡುತ್ತಿದ್ದೆ.

ಗಿರಿಜವ್ವ

•

ನೆರೂಳ, ನವಿ ಮುಂಬಯಿ
೨೨ ನವೆಂಬರ್ ೧೯೮೪

ಅಕ್ಕನಿಗೆ ಶರಣು.

ಕೆಲಸ ಈಗ ನೆರೂಳಕ್ಕೆ ಬಂದಿದೆ. ಬೇಲಾಪುರದಲ್ಲಿ ನಾವು ಕಟ್ಟಿದ ಮನೆಗಳಿಗೆ ಜನ ಬಂದಿದ್ದಾರೆ. ಮೊನ್ನೆ ಅಕ್ಟೋಬರಿನ ಬಿಸಿಲಲ್ಲಿ ಆ ದಾರಿಯಾಗಿ ಹೋದಾಗ ಕೊನೆಯ ಮಜಲಾದ ಒಬ್ಬ ತಾಯಿ ಗಚ್ಚಿಯ ಮೇಲೆ ಒದ್ದೆ ಗೋಣಿತಟ್ಟು ಹಾಸುತ್ತಿದ್ದಳು. ನಾನು ಸೈಕಲ್ ಇಳಿಯದೆ ಮುಂದೆ ಹೋದೆ.

ಠಾಕುರ್ಲಿಯಲ್ಲಿ ಜಯಶೀಲಳ ಮಾವ ಅಪ್ಪಾಸಾಹೇಬರು ರಿಟೈರಾಗಿ ಕ್ವಾರ್ಟರ್ಸ್ ಬಿಟ್ಟರಂತೆ. ಕಲ್ಯಾಣದಲ್ಲಿ ಫ್ಲ್ಯಾಟು ತೆಗೆದುಕೊಂಡಿದ್ದಾರೆ ಎಂದು ಕೇಳಿದೆ. ಯಾವ ಮಜಲಾ?

ಸೋಮಣ್ಣ

•

ಡೊಂಬಿವಲಿ ವೆಸ್ಟ್
೧೪ ಏಪ್ರಿಲ್ ೧೯೮೫

ಚಿ. ಸೋಮಣ್ಣನಿಗೆ ಆಶೀರ್ವಾದ.

ಎಲ್ಲಕ್ಕಿಂತ ಮೇಲಿನ ಮಜಲಾ. ಕೊನೆಯ ಮಹಡಿಗೆ ರೇಟು ಕಡಿಮೆ, ರಿಟೈರಾದವರ ಕೈಗೆ ಅದೇ ಸಿಗುತ್ತದೆ. ಮೊನ್ನೆ ಹೋಗಿ ಬಂದೆ. ಬಸವಣ್ಣೆವ್ವ ಮನೆಯೊಳಗೆ ಇರಲಿಲ್ಲ, ಮೆಟ್ಟಿಲ ತಿರುವಿನಲ್ಲಿ ಚಾಪೆ ಹಾಕಿ ಅಕ್ಕಿ ಆರಿಸುತ್ತಿದ್ದಳು. ಮಧ್ಯಾಹ್ನವೆಲ್ಲ ಅಲ್ಲೇ ಕೂರುತ್ತಾಳಂತೆ. ಕಣ್ಣ ಕೆಳಗೆ ಕಪ್ಪು, ಕುತ್ತಿಗೆಯ ಸುತ್ತ ಬೆವರುಸಾಲೆ. ನನ್ನನ್ನು ನೋಡಿ ಚಾಪೆ ಸರಿಸಿ ಜಾಗ ಕೊಟ್ಟಳು. "ಬೇವಿನ ಗಿಡದ ಕೆಳಗ ಹೋದ ಜನ್ಮದಾಗ ಕುಂತಿದ್ನೇನೋ ಅನಸ್ತೈತ್ರಿ" ಅಂದಳು. ಆ ಕ್ವಾರ್ಟರ್ಸಿನ ಮುಂದೆ ಹೋಗಲೂ ಆಕೆಗೆ ಮನಸ್ಸಿಲ್ಲವಂತೆ.

ಒಂದು ಕಾಲದಲ್ಲಿ ಆಕೆಯ ತಂಪು ನೋಡಿ ನನಗೆ ಹೊಟ್ಟೆ ಉರಿದದ್ದು ನಿಜ. ಆದರೆ ಆಕೆಯನ್ನು ಹಾಗೆ ಮೆಟ್ಟಿಲ ಮೇಲೆ ನೋಡಲಾರದೆ ನಾನು ಅತ್ತುಬಿಟ್ಟೆ. ಈ ಸುತ್ತಿನ ಊರುಗಳಲ್ಲಿ ಎಲ್ಲೋ ಒಂದು ಕಡೆಯಾದರೂ ಹಳೆಯ ಸಂಜೆ ಉಳಿದಿದೆ ಎಂಬ ಸಮಾಧಾನ ಇತ್ತು, ಅದು ಬೀಗರ ಅಂಗಳದಲ್ಲಿ ಇದ್ದರೂ ಸರಿ. ಅದೂ ಹೋಯಿತು.

ಜಯಶೀಲಳಿಗೆ ಮತ್ತೆ ದಿನ ತುಂಬುತ್ತಿದೆ. ಎರಡನೆಯದು ಗಂಡನ ಮನೆಯಲ್ಲೇ ಆಗಬೇಕಾದದ್ದು, ನಾನು ಆ ಮಾತೇ ಎತ್ತಿರಲಿಲ್ಲ. ಬಸವಣ್ಣೆವ್ವ ತಾನೇ ಎತ್ತಿದಳು. "ತಂಪ ಐತಿ ಅಂತ ಹೇಳಾಕ ನನ್ನ ಕಡೆ ಈಗ ಏನೂ ಇಲ್ರಿ. ನಿಮ್ಮ ಮನೀನೂ ಕಾಯ್ತೈತಿ, ನಮ್ಮದೂ ಕಾಯ್ತೈತಿ. ಎಲ್ಲಿ ಇಡೂಣು?" ನಾನೂ ಯೋಚಿಸಿದೆ, ಆಕೆಯೂ ಯೋಚಿಸಿದಳು. ಫ್ಯಾನು ಯಾರದು ಜೋರು, ನೀರು ಯಾರಲ್ಲಿ ಹೆಚ್ಚು ಹೊತ್ತು ಬರುತ್ತದೆ ಎಂದು ಮಾತಾಡಿದೆವು. ಒಂದಕ್ಕೊಂದು ಸರಿಸಮ. ಕೊನೆಗೆ ಬಸವಣ್ಣೆವ್ವ ಒಳಗೆ ಹೀರೇಕಾಯಿ ಹೆಚ್ಚುತ್ತಿದ್ದ ಸೊಸೆಯನ್ನು ಕೂಗಿ, "ನಿನಗೆಲ್ಲಿ ಇರಬೇಕನಸ್ತೈತಿ ನೀನ ಹೇಳವಾ" ಅಂದಳು.

ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಏನು ಕೇಳಿದರೂ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಅಂದು ಈಳಿಗೆಯಿಂದ ತಲೆ ಎತ್ತದೆ ಕನ್ನಡದಲ್ಲಿ ಹೇಳಿದಳು: "ಅವ್ವನ ಕಡೆ ಇರ್ತೀನಿ. ಹೋದ ಸಲಾನೂ ಅಲ್ಲೇ ಇರ್ತಿದ್ದೆ, ಮುರಾರಿ ಅಣ್ಣಾರ ಮನ್ಯಾಗ ಒಂದು ಮೂಲಿ ಸಿಕ್ಕಿದ್ರೂ ಸಾಕಾಗಿತ್ತು. ನನ್ನ ಯಾರು ಕೇಳಿದ್ರಿ?"

ನಾವಿಬ್ಬರು ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಮಣ್ಣು ತುಳಿದೆ, ಆಕೆ ಮರದ ನೆರಳು ತೋರಿಸಿದಳು, ನಡುವೆ ಈ ಹುಡುಗಿಗೂ ಒಂದು ಮನಸ್ಸಿದೆ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಆ ಮಳೆಯ ದಿನ ರಿಕ್ಷಾದಲ್ಲಿ ಜಯಶೀಲ ಯಾಕೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ ಎಂಬುದು ನನಗೆ ಈಗ ತಿಳಿಯಿತು. ಹೆದರಿದ್ದಾಳೆ ಅಂದುಕೊಂಡಿದ್ದೆ.

ಬರುವ ಭಾನುವಾರ ಕರೆತರುತ್ತೇವೆ. ಈ ಸಲ ಮಣ್ಣು ಇಲ್ಲ, ಅಗ್ಗಿಷ್ಟಿಗೆಯೂ ಇಲ್ಲ. ಮನೆ ಹೋದ ವರ್ಷಕ್ಕಿಂತ ಹೆಚ್ಚೇ ಕಾದಿದೆ, ಮಧ್ಯಾಹ್ನದ ಹೊತ್ತು ಪ್ಯಾಸೇಜಿನಲ್ಲಿ ನಾನೂ ನನ್ನ ಮಗಳೂ ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತೇವೆ. ಬಿಡುವಾದಾಗ ಬಂದು ನಮ್ಮನ್ನು ನೋಡು.

ನಿನ್ನ ಅಕ್ಕ
ಗಿರಿಜವ್ವ